ಪಿಚಕಾರಿ ನೀರು ಬರ್ತಿದೆ, ಆದ್ರೂ ಔಟ್‌ಬೋರ್ಡ್ ಇಂಜಿನ್ ಯಾಕೆ ಬಿಸಿ ಆಗತ್ತೆ?

ನಮ್ಮ ಚಿಕ್ಕಪ್ಪಂಗೆ ಒಂದು ಅಭ್ಯಾಸ ಇತ್ತು, ದೋಣಿ ಅಳಿವೆ ದಾಟೋದ್ರೊಳಗೆ ನಾಲ್ಕೈದು ಸಲ ಹಿಂದೆ ತಿರುಗಿ, ದೋಣಿ ಹಿಂಭಾಗಕ್ಕೆ ಕಟ್ಟಿರೋ ಔಟ್‌ಬೋರ್ಡ್ ಇಂಜಿನ್ ಪಕ್ಕದಿಂದ ಪಿಚಕಾರಿ ಥರ ಹಾರೋ ನೀರನ್ನ ನೋಡೋದು. ಅದು ಕಂಡ್ರೆ ಸಮಾಧಾನ. "ನೀರ್ ಬತ್ತಾ ಇತ್ತಲ, ಎಂತ ಆತಿಲ್ಲ ಬಿಡ್" ಅಂತಿದ್ರು. ಹಂಗಂದ ದಿನವೇ ಗಂಗೊಳ್ಳಿ ಅಳಿವೆಯಿಂದ ಸ್ವಲ್ಪ ಹೊರಗೆ ಇಂಜಿನ್ ದಮ್ಮು ಕಟ್ಟಿದಂಗೆ ಎಳೆದು ಎಳೆದು ನಿಂತೇ ಹೋಯ್ತು, ಕವರ್ ತೆಗೆದು ನೋಡಿದ್ರೆ ಹೆಡ್ (ಸಿಲಿಂಡರ್ ಮುಚ್ಚಳ) ಮೇಲಿನ ಪೇಂಟು ಗುಳ್ಳೆ ಎದ್ದಿದೆ, ಸುಟ್ಟ ವಾಸನೆ ಬೇರೆ. ತಮಾಷೆ ಅಂದ್ರೆ ಇಂಜಿನ್ ನಿಲ್ಲೋ ಕೊನೇ ನಿಮಿಷದವರೆಗೂ ಪಿಚಕಾರಿ ಚೆನ್ನಾಗೇ ಬರ್ತಿತ್ತು. ಚಿಕ್ಕಪ್ಪ ನೋಡ್ತಾನೇ ಇದ್ರು.

ಇದನ್ನ ಬರೀತಿರೋದೇ ಆ ಪಿಚಕಾರಿ ನಂಬಿ ಕೆಟ್ಟವರನ್ನ ಬಹಳ ನೋಡಿದೀನಿ ಅಂತ. ನಾಡದೋಣಿಯವರು ಇರಬಹುದು, ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಜನರನ್ನ ಕರ್ಕೊಂಡು ಹೋಗೋ ಬೋಟಿನವರು ಇರಬಹುದು, ನೆರೆ ಬಂದಾಗ ಕೃಷ್ಣಾ ತೀರದಲ್ಲಿ ರಬ್ಬರ್ ಬೋಟಿಗೆ ಓಬಿಎಂ (ಔಟ್‌ಬೋರ್ಡ್ ಮೋಟಾರ್) ಕಟ್ಕೊಂಡು ಇಳಿಯೋ ರಕ್ಷಣಾ ಸಿಬ್ಬಂದಿ ಇರಬಹುದು, ಎಲ್ಲರ ಇಂಜಿನ್ನಿನ ಕೂಲಿಂಗ್ ಲೆಕ್ಕಾಚಾರ ಒಂದೇ.

ಮೊದಲು ನೀರು ಹೋಗೋ ದಾರಿ ಗೊತ್ತಿರಬೇಕು, ಅದು ಗೊತ್ತಾದ್ರೆ ಅರ್ಧ ರಿಪೇರಿ ಆದಂಗೆ. ಕಾರಿಗಿರೋ ಹಾಗೆ ಔಟ್‌ಬೋರ್ಡ್ ಇಂಜಿನ್ನಿಗೆ ರೇಡಿಯೇಟರ್ ಇಲ್ಲ, ಕೂಲಂಟ್ ಇಲ್ಲ, ಫ್ಯಾನ್ ಇಲ್ಲ. ದೋಣಿ ಯಾವ ನೀರಲ್ಲಿ ಇದೆಯೋ ಅದೇ ನೀರನ್ನ ಕೆಳಗಿಂದ ಎಳ್ಕೊಂಡು, ಇಂಜಿನ್ ಸುತ್ತ ತಿರುಗಿಸಿ, ವಾಪಸ್ ಅದೇ ನೀರಿಗೆ ಬಿಡೋದು. ಪ್ರೊಪೆಲ್ಲರ್ ಮುಂದೆ, ಇಂಜಿನ್ನಿಂದ ನೀರಿಗೆ ಇಳಿದಿರೋ ಕಾಲಿನ ಎರಡೂ ಪಕ್ಕ ಸಣ್ಣ ಜಾಲರಿ ಥರ ತೂತುಗಳಿರ್ತವೆ, ಅಲ್ಲಿಂದ ನೀರು ಒಳಗೆ. ಅದರ ಮೇಲೆ ಗೇರ್‌ಕೇಸಿನ (ಕಾಲಿನ ಕೆಳಗೆ ಪ್ರೊಪೆಲ್ಲರ್ ಗೇರ್ ಇರೋ ಪೆಟ್ಟಿಗೆಯ) ನೆತ್ತಿಯಲ್ಲಿ ಪಂಪ್ ಕೂತಿರತ್ತೆ, ಅದರೊಳಗೆ ರಬ್ಬರಿನ ಇಂಪೆಲ್ಲರ್, ಅಂದ್ರೆ ನೀರು ತಳ್ಳೋ ರೆಕ್ಕೆ ಚಕ್ರ. ಪ್ರೊಪೆಲ್ಲರ್ ತಿರುಗಿಸೋಕೆ ಮೇಲಿಂದ ಇಳಿಯೋ ಉದ್ದನೆ ಶಾಫ್ಟೇ ಇಂಪೆಲ್ಲರನ್ನೂ ತಿರುಗಿಸೋದು, ಹಾಗಾಗಿ ನ್ಯೂಟ್ರಲ್‌ನಲ್ಲಿದ್ರೂ ಇಂಜಿನ್ ಆನ್ ಇದ್ದಷ್ಟು ಹೊತ್ತು ಪಂಪ್ ಕೆಲಸ ಮಾಡ್ತಿರತ್ತೆ. ಪಂಪಿಂದ ಒಂದು ಪೈಪು ಕಾಲಿನೊಳಗೆ ಮೇಲಕ್ಕೆ ಹೋಗಿ ಸಿಲಿಂಡರ್ ಸುತ್ತ ಇರೋ ಕಾಲುವೆಗಳಿಗೆ, ಹೆಡ್ಡಿಗೆ ನೀರು ಕೊಡತ್ತೆ. ಮೇಲ್ಗಡೆ ಥರ್ಮೋಸ್ಟಾಟ್, ಅಂದ್ರೆ ನೀರು ಬಿಸಿಯಾದ್ಮೇಲೆ ಮಾತ್ರ ತೆರ್ಕೊಳ್ಳೋ ವಾಲ್ವ್, ಬಾಗಿಲು ಕಾಯ್ತಿರತ್ತೆ. ಅದನ್ನ ದಾಟಿದ ನೀರು ಸೈಲೆನ್ಸರ್ ಹೊಗೆ ಜೊತೆ ಸೇರ್ಕೊಂಡು ಕೆಳಗಿಳಿದು ಹೊರಗೆ ಹೋಗತ್ತೆ.

ಪಿಚಕಾರಿ ಎಲ್ಲಿಂದ ಬರತ್ತೆ ಹಾಗಾದ್ರೆ? ಇಲ್ಲೇ ಇರೋದು ವಿಷಯ. ಬಹಳಷ್ಟು ಇಂಜಿನ್‌ಗಳಲ್ಲಿ ನೀರು ಥರ್ಮೋಸ್ಟಾಟ್ ಮುಟ್ಟೋಕೆ ಮೊದಲೇ ಒಂದು ಸಣ್ಣ ಕವಲು ಒಡೆದು ಹೊರಗೆ ಬಿಟ್ಟಿರ್ತಾರೆ. ಅಂದ್ರೆ ಪಿಚಕಾರಿ ಹೇಳೋದು ಪಂಪ್ ನೀರು ಎತ್ತಿ ಮೇಲಕ್ಕೆ ತಂದಿದೆ ಅಂತ ಮಾತ್ರ, ಆ ನೀರು ಹೆಡ್ ಸುತ್ತ ತಿರುಗಿ ಬಿಸಿ ಹೊತ್ಕೊಂಡು ಹೊರಗೆ ಹೋಯ್ತಾ ಇಲ್ವಾ ಅನ್ನೋದಕ್ಕೆ ಅದು ಸಾಕ್ಷಿ ಅಲ್ಲ. ಮನೆ ಅಂಗಳದ ನಲ್ಲಿಯಲ್ಲಿ ನೀರು ಬರ್ತಿದೆ ಅಂದ್ರೆ ಮೇಲಿನ ಮಹಡಿಯ ಬಚ್ಚಲಲ್ಲೂ ಬರ್ತಿದೆ ಅಂತ ಅರ್ಥ ಅಲ್ವಲ್ಲ, ಹಂಗೆ. ಕೆಲವು ಇಂಜಿನ್‌ಗಳಲ್ಲಿ ಮಾತ್ರ ಬ್ಲಾಕ್ ಸುತ್ತಿ ಬಂದ ನೀರೇ ಹೊರಗೆ ಬರತ್ತೆ, ಅಂಥದ್ರಲ್ಲಿ ನೀರು ಉಗುರು ಬೆಚ್ಚಗಿರತ್ತೆ. ನಿಮ್ಮ ಇಂಜಿನ್ ಚೆನ್ನಾಗಿರೋ ದಿನ ಆ ನೀರಿಗೆ ಕೈ ಹಿಡಿದು ನೋಡಿ ಇಟ್ಕೊಂಡಿರಿ, ಕೆಟ್ಟ ದಿನ ಹೋಲಿಸೋಕೆ ಬೇಕಾಗತ್ತೆ.

ಈಗ ತೊಂದರೆ ಹುಡುಕೋದು. ಮೆಕ್ಯಾನಿಕ್ ಹತ್ರ ಹೋಗಿ "ಬಿಸಿ ಆಗ್ತಿದೆ" ಅಂದ್ರೆ ಅವನು ಕಣ್ಮುಚ್ಚಿ ಇಂಪೆಲ್ಲರ್ ಬದಲಾಯಿಸ್ತಾನೆ, ಹತ್ತರಲ್ಲಿ ಬಹಳ ಸಲ ಅದೇ ಸರಿ ಇರತ್ತೆ, ಇಲ್ಲ ಅನ್ನಲ್ಲ. ಆದ್ರೆ ಅದಕ್ಕಿಂತ ಒಳ್ಳೆ ಪ್ರಶ್ನೆ ಒಂದಿದೆ: ಯಾವ ಸ್ಪೀಡಲ್ಲಿ ಬಿಸಿ ಆಗ್ತಿದೆ? ನಿಧಾನಕ್ಕೆ ಹೋಗುವಾಗ ಬಿಸಿ ಆಗಿ, ಥ್ರಾಟಲ್ ಕೊಟ್ರೆ ತಣ್ಣಗಾಗತ್ತಾ, ಅಥವಾ ಐಡ್ಲಿಂಗ್‌ನಲ್ಲಿ ಸುಮ್ನಿದ್ದು ಫುಲ್ ಸ್ಪೀಡಿಗೆ ಹೋದ್ಮೇಲೆ ಬಿಸಿ ಆಗತ್ತಾ? ಎರಡಕ್ಕೂ ಕಾರಣ ಬೇರೆ ಬೇರೆ.

ಯಾಕೆ ಅಂತ ಹೇಳ್ತೀನಿ. ಇಂಪೆಲ್ಲರ್ ಕೂತಿರೋ ಡಬ್ಬಿ ನೆಟ್ಟಗೆ ನಡುಮಧ್ಯೆ ಇರಲ್ಲ, ಒಂದು ಕಡೆಗೆ ಸರಿದಿರತ್ತೆ, ಹಾಗಾಗಿ ರಬ್ಬರ್ ರೆಕ್ಕೆಗಳು ಒಂದು ಕಡೆ ಮಡಚ್ಕೊಂಡು ಇನ್ನೊಂದು ಕಡೆ ಬಿಚ್ಕೊಳ್ತಾ ತಿರುಗ್ತವೆ. ಬಿಚ್ಚುವಾಗ ನೀರು ಎಳೀತವೆ, ಮಡಚುವಾಗ ತಳ್ತವೆ. ನಿಧಾನ ಸ್ಪೀಡಲ್ಲಿ ಈ ಮಡಚೋ ಆಟ ಸರಿಯಾಗಿ ನಡೀಬೇಕು ಅಂದ್ರೆ ರೆಕ್ಕೆ ತುದಿ ಡಬ್ಬಿ ಗೋಡೆಗೆ ಗಟ್ಟಿಯಾಗಿ ಒತ್ಕೊಂಡಿರಬೇಕು. ಸ್ಪೀಡ್ ಜಾಸ್ತಿ ಆದಾಗ ನೀರಿನ ಒತ್ತಡಕ್ಕೆ ರೆಕ್ಕೆಗಳು ಗೋಡೆ ಬಿಟ್ಟು ಬಾಗ್ತವೆ, ಆಗ ಅದು ತೋಟದ ಪಂಪಿನ ಥರ ನೀರನ್ನ ಬೀಸಿ ಎಸಿಯತ್ತೆ. ಹಾಗಾಗಿ ಸವೆದ ಇಂಪೆಲ್ಲರ್ ಸ್ಪೀಡಲ್ಲಿ ಹೇಗೋ ಕಾಲ ಹಾಕಿ ಐಡ್ಲಿಂಗ್‌ನಲ್ಲಿ ಕೈ ಕೊಡತ್ತೆ. ಗಾಳ ಹಾಕ್ಕೊಂಡು ನಿಧಾನಕ್ಕೆ ಹೋಗುವಾಗಲೋ ಬಲೆ ಎಳೆಯುವಾಗಲೋ ಬಿಸಿ ಆಗಿ, ಮನೆ ಕಡೆ ಜೋರಾಗಿ ಬರುವಾಗ ಸರಿ ಹೋಗತ್ತೆ ಅಂದ್ರೆ ಮೊದಲ ಅನುಮಾನ ಇಂಪೆಲ್ಲರ್ ಮೇಲೆ. ಥರ್ಮೋಸ್ಟಾಟ್ ಮುಚ್ಕೊಂಡೇ ಇದ್ರೂ ದೊಡ್ಡ ಇಂಜಿನ್‌ಗಳಲ್ಲಿ ಇದೇ ಲಕ್ಷಣ ಬರತ್ತೆ, ಯಾಕಂದ್ರೆ ಅವುಗಳಲ್ಲಿ ಥರ್ಮೋಸ್ಟಾಟ್ ಜೊತೆಗೆ ಒಂದು ಸ್ಪ್ರಿಂಗ್ ವಾಲ್ವ್ ಇರತ್ತೆ, ಸ್ಪೀಡಲ್ಲಿ ನೀರಿನ ಒತ್ತಡ ಏರಿದಾಗ ಅದು ತೆರ್ಕೊಂಡು ಬೇರೆ ದಾರಿಯಲ್ಲಿ ನೀರು ಬಿಡತ್ತೆ. ಆ ವಾಲ್ವಿನ ಬಾಯಲ್ಲಿ ಒಂದು ಚಿಪ್ಪಿನ ಚೂರು ಸಿಕ್ಕಿ ತೆರ್ಕೊಂಡೇ ಉಳಿದ್ರೆ ಐಡ್ಲಿಂಗ್‌ನಲ್ಲಿ ಒತ್ತಡವೇ ನಿಲ್ಲಲ್ಲ.

ಉಲ್ಟಾ ಕೇಸು, ಐಡ್ಲಿಂಗ್ ಸರಿ ಆದ್ರೆ ಸ್ಪೀಡಲ್ಲಿ ಬಿಸಿ. ಇದು ನೀರು ಬರ್ತಿದೆ ಆದ್ರೆ ಸಾಲ್ತಿಲ್ಲ ಅನ್ನೋ ಕಥೆ. ಜಾಲರಿ ಅರ್ಧ ಮುಚ್ಚಿರಬಹುದು, ಒಳಗಿನ ಕಾಲುವೆ ಉಪ್ಪು ಕಟ್ಟಿ ಸಪೂರ ಆಗಿರಬಹುದು, ಆ ಸ್ಪ್ರಿಂಗ್ ವಾಲ್ವ್ ಮುಚ್ಕೊಂಡು ಅಂಟಿರಬಹುದು. ಇನ್ನೊಂದು ಯಾರೂ ಯೋಚಿಸದ ಕಾರಣ, ಇಂಜಿನ್ ಕಟ್ಟಿರೋ ಎತ್ತರ. ಪ್ರೊಪೆಲ್ಲರ್ ಮೇಲೆ ಅಗಲವಾದ ಒಂದು ತಟ್ಟೆ ಇರತ್ತಲ್ಲ, ಅದು ಹೆಚ್ಚುಕಮ್ಮಿ ದೋಣಿ ತಳದ ಮಟ್ಟಕ್ಕೆ ಬರಬೇಕು. ಶಾರ್ಟ್ ಶಾಫ್ಟ್ ಅಂದ್ರೆ 15 ಇಂಚಿನ ಟ್ರಾನ್ಸಮ್‌ಗೆ (ಇಂಜಿನ್ ಕಟ್ಟೋ, ದೋಣಿಯ ಹಿಂದಿನ ಹಲಗೆ), ಲಾಂಗ್ ಶಾಫ್ಟ್ ಅಂದ್ರೆ 20 ಇಂಚಿಗೆ ಮಾಡಿದ್ದು. ಎತ್ತರದ ದೋಣಿಗೆ ಸೆಕೆಂಡ್ ಹ್ಯಾಂಡಲ್ಲಿ ಅಗ್ಗಕ್ಕೆ ಸಿಕ್ತು ಅಂತ ಶಾರ್ಟ್ ಶಾಫ್ಟ್ ತಂದು ಕಟ್ಟಿದ್ರೆ ತೆರೆ ಹತ್ತಿ ಇಳಿಯುವಾಗ ಜಾಲರಿ ನೀರಿಂದ ಮೇಲೆ ಬಂದು ಗಾಳಿ ಎಳೀತಾ ಹೋಗತ್ತೆ. ಆಳ ಇಲ್ದಿರೋ ಹೊಳೆಯಲ್ಲಿ ಇಂಜಿನ್ ಓರೆ ಮಾಡ್ಕೊಂಡು ಓಡಿಸುವಾಗಲೂ ಅಷ್ಟೇ.

ಮೂರನೇ ಕೇಸು, ಪಿಚಕಾರಿಯೇ ಇಲ್ಲ. ಇದರಲ್ಲಿ ಗಾಬರಿ ಬೀಳೋಕೆ ಮುಂಚೆ ಒಂದು ನೋಡಿ. ಪಿಚಕಾರಿ ಬರೋ ತೂತು ಬೆಂಕಿಕಡ್ಡಿ ಗಾತ್ರದ್ದು, ಅದೊಂದೇ ಕಟ್ಟಿದ್ರೂ ನೀರು ಕಾಣಲ್ಲ, ಇಂಜಿನ್ ಒಳಗೆ ತಣ್ಣಗೇ ಇರತ್ತೆ. ಮಳೆಗಾಲದಲ್ಲಿ ಮೂರು ತಿಂಗಳು ಶೆಡ್ಡಲ್ಲಿ ನಿಲ್ಲಿಸಿಟ್ಟ ಟೂರಿಸ್ಟ್ ಬೋಟಿನ ಇಂಜಿನ್‌ಗಳಲ್ಲಿ ಕಣಜ ಬಂದು ಆ ತೂತಲ್ಲಿ ಮಣ್ಣಿನ ಗೂಡು ಕಟ್ಟಿರತ್ತೆ, ನಾನೇ ಕಣ್ಣಾರೆ ನೋಡಿದೀನಿ. ಹುಲ್ಲು ಕಟಾವಿನ ಮಿಷನ್ನಿಗೆ ಹಾಕೋ ನೈಲಾನ್ ದಾರ ಇರತ್ತಲ್ಲ, ಅದರ ಒಂದು ತುಂಡು ಒಳಗೆ ತೂರಿಸಿ ಆಡಿಸಿದ್ರೆ ಸಾಕು. ಕಬ್ಬಿಣದ ತಂತಿ ಹಾಕೋದು ಬೇಡ, ಒಳಗಿನ ರಬ್ಬರ್ ಪೈಪು ಹರಿಯತ್ತೆ. ತೂತು ಕ್ಲೀನ್ ಮಾಡಿದ್ರೂ ಬರ್ಲಿಲ್ಲ ಅಂದ್ರೆ ಆಗ ಪಂಪ್ ಕಡೆ ಹೋಗಬೇಕು.

ಸಮುದ್ರದ ನಡುವೆ ಇದ್ದಾಗ ಏನ್ಮಾಡೋದು? ಅಲಾರ್ಮ್ ಇರೋ ಇಂಜಿನ್ ಆದ್ರೆ ಬಿಡದೆ ಕೂಗತ್ತೆ, ತಾನಾಗೇ ಸ್ಪೀಡ್ ಇಳಿಸ್ಕೊಳ್ಳತ್ತೆ. ಹಗ್ಗ ಎಳೆದು ಸ್ಟಾರ್ಟ್ ಮಾಡೋ ಸಣ್ಣ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಆ ಭಾಗ್ಯ ಇಲ್ಲ, ನಿಮ್ಮ ಮೂಗು ಕಿವಿನೇ ಅಲಾರ್ಮ್. ಇಂಜಿನ್ ಭಾರ ಎಳೆದಂಗೆ ಸದ್ದು ಬದಲಾಗೋದು, ಪೇಂಟು ಸುಡೋ ವಾಸನೆ, ಪಿಚಕಾರಿ ಬದಲು ಹಬೆ. ಆಫ್ ಮಾಡಿ, ಎತ್ತಿ, ಜಾಲರಿ ನೋಡಿ. ಪ್ಲಾಸ್ಟಿಕ್ ಕವರ್ರು, ಹರಿದ ಬಲೆ ತುಂಡು ಸುತ್ಕೊಂಡಿದ್ರೆ ಅಲ್ಲೇ ಕೈಗೆ ಸಿಗತ್ತೆ, ಈಗಿನ ಕಾಲದಲ್ಲಿ ಇದೇ ದೊಡ್ಡ ಕಾರಣ ಅನ್ಸತ್ತೆ, ಅಳಿವೆ ಬಾಯಲ್ಲಿ ಮೀನಿಗಿಂತ ಕವರ್ರೇ ಜಾಸ್ತಿ. ಬಿಸಿ ಇಂಜಿನ್ ಮೇಲೆ ಮಾತ್ರ ಬಕೆಟ್ಟಲ್ಲಿ ತಣ್ಣೀರು ಸುರೀಬೇಡಿ ಮಾರಾಯ್ರೆ, ಅಲ್ಯೂಮಿನಿಯಂ ಹೆಡ್ ಒಂದೇ ಸಲ ತಣ್ಣಗಾದ್ರೆ ಸೊಟ್ಟ ಆಗಬಹುದು, ಬಿರುಕೂ ಬಿಡಬಹುದು. ಅರ್ಧ ಗಂಟೆ ಕಾಯಿರಿ, ಆಮೇಲೆ ಸ್ಟಾರ್ಟ್ ಮಾಡಿ ಪಿಚಕಾರಿ ಬಂದ್ರೆ ಮೆಲ್ಲಗೆ ದಡದ ಕಡೆ. ಬರ್ಲಿಲ್ಲ ಅಂದ್ರೆ ಹುಟ್ಟು ಹಾಕಿ ಇಲ್ಲಾ ಪಕ್ಕದ ದೋಣಿಯವರಿಗೆ ಹಗ್ಗ ಕೊಡಿ, "ಇನ್ನೊಂದು ಸ್ವಲ್ಪ ದೂರ" ಅಂತ ಓಡಿಸಿದ್ರೆ ಪಿಸ್ಟನ್ ಹಿಡ್ಕೊಳ್ಳತ್ತೆ.

ದಡಕ್ಕೆ ಬಂದ್ಮೇಲೆ ಕೆಳಗಿಂದ ಮೇಲಕ್ಕೆ ಹೋಗಬೇಕು, ನೀರು ಹೋಗೋ ದಾರಿಯಲ್ಲೇ. ಜಾಲರಿ ಮೊದಲು. ದೋಣಿ ನೀರಲ್ಲೇ ಬಿಟ್ಟು ಇಂಜಿನ್ನಿನ ಕಾಲನ್ನೂ ನೀರಲ್ಲೇ ಇಟ್ಟವರಿಗೆ ಜಾಲರಿ ಒಳಗಡೆ ಸಣ್ಣ ಸಣ್ಣ ಚಿಪ್ಪು ಬೆಳೆದಿರ್ತವೆ, ಹೊರಗಿಂದ ಕಾಣಲ್ಲ, ಟಾರ್ಚ್ ಬಿಟ್ಟು ನೋಡಬೇಕು.

ಆಮೇಲೆ ಇಂಪೆಲ್ಲರ್. ಅದನ್ನ ನೋಡೋಕೆ ಕೆಳಗಿನ ಗೇರ್‌ಕೇಸ್ ಪೂರ್ತಿ ಇಳಿಸ್ಬೇಕು. ನಾಲ್ಕೈದು ಬೋಲ್ಟು ಅಷ್ಟೇ, ಆದ್ರೆ ಉಪ್ಪುನೀರಲ್ಲಿ ವರ್ಷಗಟ್ಟಲೆ ಇದ್ದ ಬೋಲ್ಟು ಅಂದ್ರೆ ಅದು ಬೋಲ್ಟಲ್ಲ, ಬ್ರಹ್ಮಗಂಟು. ತುಕ್ಕು ಬಿಡಿಸೋ ಎಣ್ಣೆ ಹಿಂದಿನ ರಾತ್ರಿಯೇ ಹಾಕಿಟ್ಟು, ಸ್ವಲ್ಪ ಬಿಸಿ ತೋರಿಸಿ, ಹಿಂದೆ ಮುಂದೆ ಆಡಿಸ್ತಾ ಬಿಚ್ಚಿ, ಉದ್ದ ಪೈಪ್ ಹಾಕಿ ಜಗ್ಗಿದ್ರೆ ತಲೆ ಕಿತ್ಕೊಂಡು ಬರತ್ತೆ. ಎಲ್ಲ ಬಿಚ್ಚಿದ್ರೂ ಇಳೀತಿಲ್ಲ ಅಂದ್ರೆ ಬಡಿಯೋಕೆ ಹೋಗಬೇಡಿ, ಬಹಳ ಮಾಡೆಲ್‌ಗಳಲ್ಲಿ ಪ್ರೊಪೆಲ್ಲರ್ ಮೇಲಿರೋ ಸಣ್ಣ ರೆಕ್ಕೆ ಥರದ ಜಿಂಕ್ ತುಂಡಿನ ಹಿಂದೆ ಒಂದು ಬೋಲ್ಟು ಅಡಗಿ ಕೂತಿರತ್ತೆ. ಗೇರ್ ಹಾಕೋ ರಾಡಿನ ಜಾಯಿಂಟೂ ಬಿಚ್ಚಬೇಕು. ವಾಪಸ್ ಹಾಕುವಾಗ ಬೋಲ್ಟಿಗೆಲ್ಲ ಮರೀನ್ ಗ್ರೀಸ್ ಹಚ್ಚಿ.

ಇಂಪೆಲ್ಲರ್ ಹೊರಗೆ ಬಂದಾಗ ಎಲ್ಲ ರೆಕ್ಕೆ ಇದಾವಾ ಎಣಿಸಿ. ಒಂದು ತುಂಡಾಗಿದ್ರೆ ಆ ತುಂಡು ಎಲ್ಲಿ ಹೋಯ್ತು? ಗಾಳಿಯಲ್ಲಿ ಕರಗಿಲ್ಲ, ನೀರಿನ ಪೈಪಲ್ಲೋ ಮೇಲಿನ ಕಾಲುವೆಯಲ್ಲೋ ಸಿಕ್ಕೊಂಡಿದೆ. ಹೊಸ ಇಂಪೆಲ್ಲರ್ ಹಾಕಿ ಆ ತುಂಡು ತೆಗೀದೆ ಬಿಟ್ಟು "ಪಾರ್ಟೇ ಡೂಪ್ಲಿಕೇಟ್" ಅಂತ ಅಂಗಡಿಯವನಿಗೆ ಬೈದವರು ಎಷ್ಟು ಜನ ಬೇಕು. ರೆಕ್ಕೆ ತುಂಡಾಗದಿದ್ರೂ ಒಂದೇ ಕಡೆಗೆ ಮಡಚ್ಕೊಂಡು ಹಂಗೇ ನಿಂತಿದ್ರೆ ಅದರ ಕಥೆ ಮುಗೀತು, ತಿಂಗಳುಗಟ್ಟಲೆ ಓಡಿಸದೆ ಇಟ್ರೆ ರಬ್ಬರು ಹಾಗೇ ಗಟ್ಟಿಯಾಗತ್ತೆ. ಡಬ್ಬಿ ಗೋಡೆ, ಕೆಳಗಿನ ಸ್ಟೀಲ್ ತಟ್ಟೆ ಎರಡನ್ನೂ ಉಗುರಿಂದ ಗೀರಿ ನೋಡಿ, ಉಗುರು ಸಿಕ್ಕೊಳ್ಳೋವಷ್ಟು ಗೆರೆ ಬಿದ್ದಿದ್ರೆ ಹೊಸ ಇಂಪೆಲ್ಲರ್ ಹಾಕಿದ್ರೂ ನೀರು ಆ ಗೆರೆಯಲ್ಲಿ ಸೋರತ್ತೆ. ನಮ್ಮ ಅಳಿವೆಗಳಲ್ಲಿ ಮರಳು ಎಷ್ಟು ಅಂತ ಹೇಳಬೇಕಾಗಿಲ್ಲ, ಐದು ಹೊಳೆ ಒಂದೇ ಕಡೆ ಸೇರೋ ಗಂಗೊಳ್ಳಿಯಲ್ಲಿ ಮಳೆಗಾಲದ ನೀರು ಅಂದ್ರೆ ಮರಳು ಕಾಗದದಲ್ಲಿ ಉಜ್ಜಿದಂಗೆ. ಮಾನ್ಯುವಲ್ಲಲ್ಲಿ ಎರಡು ಮೂರು ವರ್ಷ ಅಂತ ಬರೆದಿರಬಹುದು, ಇಲ್ಲಿ ವರ್ಷಕ್ಕೊಂದು ಇಂಪೆಲ್ಲರ್ ಅಂತ ಲೆಕ್ಕ ಇಟ್ಕೊಳ್ಳೋದೇ ಒಳ್ಳೇದು.

ಜೋಡಿಸುವಾಗ ಮೂರು ಕಡೆ ತಪ್ಪಾಗತ್ತೆ. ಶಾಫ್ಟಿಗೂ ಇಂಪೆಲ್ಲರಿಗೂ ನಡುವೆ ಒಂದು ಪುಟ್ಟ ಕೀ ಇರತ್ತೆ, ಅದು ಬಿದ್ದೋದ್ರೆ ಶಾಫ್ಟ್ ತಿರುಗತ್ತೆ, ಇಂಪೆಲ್ಲರ್ ಸುಮ್ನೆ ಕೂತಿರತ್ತೆ, ಸ್ವಲ್ಪ ಗ್ರೀಸ್ ಹಚ್ಚಿ ಅಂಟಿಸಿಟ್ಟು ಹಾಕಿ. ಡಬ್ಬಿ ಒತ್ತಿ ಕೂರಿಸುವಾಗ ಶಾಫ್ಟನ್ನ ಇಂಜಿನ್ ತಿರುಗೋ ದಿಕ್ಕಿಗೇ ತಿರುಗಿಸ್ತಾ ಒತ್ತಬೇಕು, ಹೆಚ್ಚಿನ ಇಂಜಿನ್‌ಗಳಲ್ಲಿ ಮೇಲಿಂದ ನೋಡಿದ್ರೆ ಗಡಿಯಾರದ ಮುಳ್ಳಿನ ದಿಕ್ಕು, ಆಗ ರೆಕ್ಕೆಗಳು ಸರಿಯಾದ ಕಡೆಗೆ ಮಡಚ್ಕೊಳ್ತವೆ. ಕೊನೇದಾಗಿ, ಗೇರ್‌ಕೇಸ್ ಮೇಲೆತ್ತಿ ಸೇರಿಸುವಾಗ ನೀರಿನ ಪೈಪು ಪಂಪಿನ ರಬ್ಬರ್ ಬುಷ್ ಒಳಗೆ ಹೋಗ್ಬೇಕು, ಪಕ್ಕಕ್ಕೆ ಜಾರಿದ್ರೆ ನೀರೆಲ್ಲ ಕಾಲಿನೊಳಗೇ ಚೆಲ್ಲಿ ಹೋಗತ್ತೆ, ಹೊರಗಿಂದ ನೋಡೋರಿಗೆ ಹೊಸ ಪಂಪು, ಆದ್ರೂ ನೀರಿಲ್ಲ.

ಥರ್ಮೋಸ್ಟಾಟ್ ವಿಷಯಕ್ಕೆ ಬಂದ್ರೆ ನಮ್ಮ ಕಡೆ ಅದನ್ನ ಕಿತ್ತೆಸೆಯೋದೇ ಒಂದು ಸಂಪ್ರದಾಯ. "ಅದು ಇದ್ರೆ ತಾನೇ ಕಟ್ಟೋದು" ಅಂತ. ಕೇಳೋಕೆ ಸರಿ ಅನ್ಸತ್ತೆ, ಆದ್ರೆ ಇಂಜಿನ್ ತೀರಾ ತಣ್ಣಗಿದ್ರೂ ಹಾಳು. ನಾಡದೋಣಿಗಳ ಇಂಜಿನ್ ಪೆಟ್ರೋಲಲ್ಲಿ ಸ್ಟಾರ್ಟ್ ಆಗಿ ಬಿಸಿಯಾದ್ಮೇಲೆ ಸೀಮೆಎಣ್ಣೆಗೆ ತಿರುಗೋದು, ಸೀಮೆಎಣ್ಣೆ ಸರಿಯಾಗಿ ಆವಿ ಆಗ್ಬೇಕು ಅಂದ್ರೆ ಶಾಖ ಬೇಕೇ ಬೇಕು, ತಣ್ಣಗಿದ್ರೆ ಪ್ಲಗ್ ಕಪ್ಪಾಗಿ ಒದ್ದೆ ಆಗತ್ತೆ, ಕಾರ್ಬನ್ ಕಟ್ಟತ್ತೆ. ಫೋರ್ ಸ್ಟ್ರೋಕಲ್ಲಿ ಸುಡದ ಪೆಟ್ರೋಲು ಆಯಿಲ್ ಒಳಗೆ ಇಳಿಯತ್ತೆ. ಕಾರಿನ ಥರ್ಮೋಸ್ಟಾಟ್ ತೆರ್ಕೊಳ್ಳೋದು 80 ಡಿಗ್ರಿ ದಾಟಿದ ಮೇಲೆ, ಔಟ್‌ಬೋರ್ಡಿಂದು ಸಾಮಾನ್ಯವಾಗಿ 50ರಿಂದ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೇ, ಯಾಕಂದ್ರೆ ಉಪ್ಪುನೀರು ಹೆಚ್ಚು ಬಿಸಿ ಆದಷ್ಟೂ ಒಳಗೆ ಬಿಳೀ ಪದರ ಕಟ್ಟೋದು ಜಾಸ್ತಿ. ಹಾಗಾಗಿ ಕಾರಿಂದು ಹೊಂದತ್ತೆ ಅಂತ ಹಾಕೋಕೆ ಹೋಗ್ಬೇಡಿ.

ಟೆಸ್ಟ್ ಮಾಡೋದು ಅಡುಗೆಮನೇಲೇ ಆಗತ್ತೆ. ಹಳೇ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟ್ ಬಾಯಿಗೆ ಒಂದು ದಾರ ಸಿಕ್ಕಿಸಿ ಅದರಿಂದಲೇ ನೇತು ಹಾಕಿ, ತಳ ಮುಟ್ಟಬಾರದು. ನೀರು ಕಾಯ್ತಾ ಬಂದಂಗೆ ಒಳಗಿನ ಮೇಣ ಹಿಗ್ಗಿ ಬಾಯಿ ತೆರ್ಕೊಳ್ಳತ್ತೆ, ದಾರ ಬಿಟ್ಟು ಕೆಳಗೆ ಬೀಳತ್ತೆ. ಬಿದ್ದಾಗ ಥರ್ಮಾಮೀಟರ್ ಎಷ್ಟು ತೋರಿಸ್ತು ನೋಡಿ, ಅದರ ಮೈಮೇಲೇ ಡಿಗ್ರಿ ಕೆತ್ತಿರೋದೂ ಉಂಟು. ನೀರು ಕುದಿಯೋಕೆ ಬಂದ್ರೂ ಬೀಳದಿದ್ರೆ ಹೊಸದು ತನ್ನಿ. ಜ್ವರ ನೋಡೋ ಥರ್ಮಾಮೀಟರ್ ಹಾಕಿ ಒಡೆದು ಅಮ್ಮನ ಹತ್ರ ಬೈಸ್ಕೊಂಡಿದೀನಿ, ಅದು 42ಕ್ಕೇ ಮುಗಿಯತ್ತೆ ಅಂತ ಆಗ ತಲೆಗೆ ಹೋಗಿರ್ಲಿಲ್ಲ.

ಚಿಕ್ಕಪ್ಪನ ಇಂಜಿನ್ನಲ್ಲಿ ಆಗಿದ್ದೂ ಇಲ್ಲೇ. ಥರ್ಮೋಸ್ಟಾಟ್ ಕವರ್ ಬಿಚ್ಚಿದ್ರೆ ಒಳಗೆ ಸುಣ್ಣ ಬಳಿದಂಗೆ ಉಪ್ಪು, ಬಾಯಿ ಪೂರ್ತಿ ಅಂಟ್ಕೊಂಡಿತ್ತು. ಪಂಪ್ ಹೊಚ್ಚ ಹೊಸದು, ಅದು ತಂದ ನೀರಿಗೆ ಹೋಗೋಕೆ ದಾರಿ ಇರೋದೇ ಪಿಚಕಾರಿ ಒಂದೇ. ಹಾಗಾಗಿ ಆವತ್ತು ಪಿಚಕಾರಿ ದಿನಾಗಿಂತ ಜೋರಾಗಿತ್ತಂತೆ, ಅದನ್ನ ನೋಡಿ ಅವರಿಗೆ ಇನ್ನೂ ಖುಷಿ.

ಈ ಉಪ್ಪು ಬರೋದು ಹೇಗೆ ಅಂದ್ರೆ, ಒಂದು ಲೀಟರ್ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರತ್ತೆ. ಇಂಜಿನ್ ನಿಲ್ಲಿಸಿದಾಗ ಮೂಲೆಯಲ್ಲಿ ಉಳಿದ ನೀರು ಬಿಸಿ ಲೋಹದ ಮೇಲೆ ಆರಿ ಹೋಗತ್ತೆ, ಉಪ್ಪು ಉಳಿಯತ್ತೆ. ದಿನಾ ಒಂದೊಂದು ಪದರ. ಪದರ ದಪ್ಪ ಆದಷ್ಟೂ ದಾರಿ ಸಪೂರ, ಜೊತೆಗೆ ಲೋಹದ ಶಾಖ ನೀರಿಗೆ ದಾಟೋಕೂ ಅದು ಅಡ್ಡ. ಒಳಗೆ ಸಣ್ಣ ಜಿಂಕ್ ತುಂಡುಗಳೂ ಇರ್ತವೆ, ಬ್ಲಾಕ್ ಬದಲು ತಾವು ಕೊರೆದು ಹೋಗೋಕೆ ಅಂತಲೇ ಇಟ್ಟಿರೋದು, ಅವನ್ನ ಸಮಯಕ್ಕೆ ಬದಲಾಯಿಸದಿದ್ರೆ ಪುಡಿ ಉದುರಿ ಅದೇ ಕಾಲುವೆ ಕಟ್ಟತ್ತೆ. ಈಗಾಗಲೇ ಕಟ್ಟಿದ್ದಕ್ಕೆ ಬಿಳಿ ವಿನೆಗರ್ ಇಲ್ಲಾ ಪದರ ಕರಗಿಸೋ ಮರೀನ್ ಡಿಸ್ಕೇಲರ್, ಥರ್ಮೋಸ್ಟಾಟ್ ತೆಗೆದು ಸಣ್ಣ ಪಂಪಲ್ಲಿ ಕೆಲವು ಗಂಟೆ ಒಳಗೆ ತಿರುಗಿಸಬೇಕು. ಟಾಯ್ಲೆಟ್ ತೊಳೆಯೋ ಆಸಿಡ್ ಹಾಕಿದ್ರೆ ಉಪ್ಪಿನ ಜೊತೆ ಅಲ್ಯೂಮಿನಿಯಮ್ಮನ್ನೂ ತಿಂದು ಹಾಕತ್ತೆ.

ಕಟ್ಟದಂಗೆ ನೋಡ್ಕೊಳ್ಳೋದು ಸುಲಭ, ಸಮುದ್ರದಿಂದ ಬಂದ ದಿನ ಹತ್ತು ಹದಿನೈದು ನಿಮಿಷ ಸಿಹಿನೀರಲ್ಲಿ ಓಡಿಸೋದು. 200 ಲೀಟರ್ ಡ್ರಮ್ಮಲ್ಲಿ ಕಾಲು ಇಳಿಸಿ, ನೀರು ಆ ಅಗಲ ತಟ್ಟೆಗಿಂತ ಸಾಕಷ್ಟು ಮೇಲಿರೋ ಹಾಗೆ ನೋಡ್ಕೊಂಡು, ಪ್ರೊಪೆಲ್ಲರ್ ಬಿಚ್ಚಿ, ನ್ಯೂಟ್ರಲ್‌ನಲ್ಲಿ ಓಡಿಸಿ, ಹೊಗೆ ಹೋಗೋಕೆ ಬಯಲಲ್ಲೇ ಇಡಿ. ಹೊಸ ಇಂಜಿನ್‌ಗಳಲ್ಲಿ ನಲ್ಲಿ ಪೈಪ್ ಸಿಕ್ಕಿಸೋ ಜಾಗ ಪಕ್ಕದಲ್ಲೇ ಇರತ್ತೆ, ಅದರಲ್ಲಿ ಹುಷಾರು, ಬಹಳ ಮಾಡೆಲ್‌ಗಳಲ್ಲಿ ಆ ನೀರು ಮೇಲಿನ ಇಂಜಿನ್ನಿಗೆ ಹೋಗತ್ತೆ ಆದ್ರೆ ಕೆಳಗಿನ ಪಂಪಿಗೆ ಸರಿಯಾಗಿ ತಲುಪಲ್ಲ, ಅದಕ್ಕೇ ಇಂಜಿನ್ ಆಫ್ ಇಟ್ಟು ಬರೀ ನೀರು ಬಿಡಬೇಕು ಅಂತ ಮಾನ್ಯುವಲ್ಲಲ್ಲಿ ಬರೆದಿರ್ತಾರೆ. ಸ್ಟಾರ್ಟ್ ಮಾಡಿದ್ರೆ ಇಂಪೆಲ್ಲರ್ ಒಣಗಿ ಸುಟ್ಟು ಹೋಗೋಕೆ ಒಂದು ನಿಮಿಷವೂ ಬೇಡ. "ಬರೀ ಸದ್ದು ಕೇಳಿ ನೋಡೋಣ" ಅಂತ ನೀರಿಲ್ಲದೆ ಸ್ಟಾರ್ಟ್ ಮಾಡೋರಿಗೂ ಇದೇ ಮಾತು, ಸೆಕೆಂಡ್ ಹ್ಯಾಂಡ್ ಇಂಜಿನ್ ವ್ಯಾಪಾರದಲ್ಲಿ ಎಷ್ಟೋ ಇಂಪೆಲ್ಲರ್ ಸಾಯೋದು ಹಿಂಗೇ.

ಇಷ್ಟೆಲ್ಲ ಮಾಡಿದ್ರೂ ಬಿಸಿ ನಿಲ್ಲದಿದ್ರೆ ಕೊನೇ ಅನುಮಾನ ಹೆಡ್ ಗ್ಯಾಸ್ಕೆಟ್, ಅಂದ್ರೆ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್. ಪ್ಲಗ್‌ಗಳನ್ನ ಬಿಚ್ಚಿ ಸಾಲಾಗಿಟ್ಟು ನೋಡಿ, ಉಳಿದವು ಕಂದು ಕಪ್ಪು ಇದ್ದು ಒಂದು ಮಾತ್ರ ತೊಳೆದಿಟ್ಟಂಗೆ ಹೊಳೀತಿದ್ರೆ ಆ ಸಿಲಿಂಡರಿಗೆ ನೀರು ನುಗ್ಗಿ ಹಬೆ ಆಗ್ತಿದೆ. ಪಿಚಕಾರಿಯಲ್ಲಿ ಬಿಡದೆ ಗುಳ್ಳೆ ಬರೋದೂ ಒಂದು ಸೂಚನೆ, ಸಿಲಿಂಡರಿನ ಹೊಗೆ ನೀರಿನ ದಾರಿಗೆ ತೂರ್ತಿರಬಹುದು. ಇದು ಮನೇಲಿ ಮಾಡೋ ಕೆಲಸ ಅಲ್ಲ, ಹೆಡ್ ಸಮ ಇದೆಯಾ ಅಳೀಬೇಕು, ಬೋಲ್ಟು ಬಿಗಿ ಲೆಕ್ಕದಲ್ಲಿ ಆಗಬೇಕು.

ರಿಪೇರಿ ಆದ್ಮೇಲೆ ಪಿಚಕಾರಿ ನೋಡಿ ಖುಷಿಪಟ್ಟು ಕವರ್ ಮುಚ್ಚಬೇಡಿ. ದೂರದಿಂದ ಬಿಸಿ ನೋಡೋ ಗನ್ ಥರ್ಮಾಮೀಟರ್ ಒಂದಿದ್ರೆ ಥರ್ಮೋಸ್ಟಾಟ್ ಪಕ್ಕದ ಹೆಡ್ಡಿಗೆ ಹಿಡೀರಿ, 60 ಚಿಲ್ಲರೆಗೆ ಬಂದು ನಿಂತ್ರೆ ಚಿಂತೆ ಇಲ್ಲ, 90ರ ಕಡೆ ಏರ್ತಾನೇ ಇದ್ರೆ ಆಫ್ ಮಾಡಿ. ಗನ್ ಇಲ್ದಿದ್ರೆ ಒಂದು ಹನಿ ನೀರು ಹಾಕಿ, ದೋಸೆ ಹೆಂಚಿನ ಮೇಲೆ ಹಾಕಿದಂಗೆ ಚುಂಯ್ ಅಂದ್ರೆ 100 ದಾಟಿದೆ ಅಂತ ಅರ್ಥ. ಡ್ರಮ್ಮಲ್ಲಿ ಸರಿ ಅನ್ಸಿದ್ಮೇಲೆ ಹೊಳೆಯೊಳಗೇ ಕಾಲು ಗಂಟೆ ನಿಧಾನ, ಕಾಲು ಗಂಟೆ ಫುಲ್ ಥ್ರಾಟಲ್ ಓಡಿಸಿ, ಎರಡು ಸಲವೂ ಕವರ್ ಎತ್ತಿ ಹೆಡ್ ನೋಡಿ. ಅಳಿವೆ ದಾಟೋದು ಆಮೇಲೆ.